ಸಹಿ ನಮ್ಮದು, ಹೊಣೆ ಯಾರದು?

ಕುದುರೆ ಸವಾರಿ ಕಲಿಯಲು ಹೋದವರ ಕೈಗೆ ಲಗಾಮಿಗಿಂತ ಮೊದಲು ಬರುವುದು ಒಂದು ಹಾಳೆ. ಸವಾರಿಯ ವೇಳೆ ತನಗೆ ಪೆಟ್ಟಾದರೆ, ಅಂಗ ಊನವಾದರೆ ಅಥವಾ ಪ್ರಾಣವೇ ಹೋದರೆ ಸಂಸ್ಥೆಯಾಗಲಿ, ಅದರ ತರಬೇತುದಾರರಾಗಲಿ, ನೌಕರರಾಗಲಿ ಹೊಣೆಯಲ್ಲ. ಅವರ ನಿರ್ಲಕ್ಷ್ಯದಿಂದಲೇ ಅವಘಡ ನಡೆದಿದ್ದರೂ ತಾನಾಗಲಿ ತನ್ನ ವಾರಸುದಾರರಾಗಲಿ ಪರಿಹಾರ ಕೇಳುವುದಿಲ್ಲ ಎಂಬ ಅರ್ಥದ ಸಾಲುಗಳು ಅದರಲ್ಲಿರುತ್ತವೆ. ಕಲಿಯುವವರು ಮಕ್ಕಳಾದರೆ ತಂದೆ ಅಥವಾ ತಾಯಿ ಸಹಿ ಹಾಕಬೇಕು. ಅಕ್ಷರ ಸಣ್ಣದು, ಭಾಷೆ ಇಂಗ್ಲಿಷು, ಹಿಂದೆ ನಿಂತವರ ಅವಸರ ದೊಡ್ಡದು. ಹಲವರು ಓದುವುದೇ ಇಲ್ಲ. ಓದಿದವರೂ ಸಹಿ ಹಾಕುತ್ತಾರೆ, ಏಕೆಂದರೆ ಹಾಕದಿದ್ದರೆ ಕುದುರೆ ಸಿಗುವುದಿಲ್ಲ.

ಕರ್ನಾಟಕಕ್ಕೆ ಕುದುರೆ ಹೊಸದಲ್ಲ. ಕುಣಿಗಲ್ಲಿನ ಅಶ್ವಶಾಲೆಯ ಹೆಸರು ಹಳೆಯದು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಅಶ್ವಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಮೈಸೂರಿನ ಅಶ್ವಾರೋಹಿ ಪೊಲೀಸರಿಲ್ಲದ ದಸರಾ ಮೆರವಣಿಗೆಯನ್ನು ಇಂದಿಗೂ ಊಹಿಸುವುದು ಕಷ್ಟ. ಆದರೆ ಅರಮನೆಗೆ, ಸೈನ್ಯಕ್ಕೆ, ಪೊಲೀಸಿಗೆ ಸೀಮಿತವಾಗಿದ್ದ ಸವಾರಿ ಈಗ ಹಣ ಕೊಟ್ಟು ಪಡೆಯುವ ಸೇವೆಯಾಗಿದೆ. ಬೆಂಗಳೂರಿನ ಹೊರವಲಯದಲ್ಲಿ ವಾರಾಂತ್ಯದ ತರಗತಿಗಳಿವೆ, ರೆಸಾರ್ಟುಗಳಲ್ಲಿ ಅರ್ಧ ಗಂಟೆಯ ಸುತ್ತಾಟವಿದೆ, ಊಟಿಯಂಥ ಗಿರಿಧಾಮಗಳಲ್ಲಿ ಪ್ರವಾಸಿಗರನ್ನು ಹೊತ್ತು ತಿರುಗುವ ಕುದುರೆಗಳಿವೆ. ಸೇವೆ ಮಾರಾಟಕ್ಕೆ ಬಂದಲ್ಲಿ ಕರಾರು ಬರುತ್ತದೆ. ಆ ಕರಾರು ನ್ಯಾಯವಾದುದೇ, ಕಾನೂನಿನ ಮುಂದೆ ನಿಲ್ಲುವಂಥದೇ ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡಂತಿಲ್ಲ.

ಈ ಪ್ರಶ್ನೆ ನನ್ನ ಪಾಲಿಗೆ ಬಂದದ್ದು ಅಕ್ಕನ ಮಗಳ ಮೂಲಕ. ಹನ್ನೆರಡು ವರ್ಷದ ಆಕೆಗೆ ಸವಾರಿ ಕಲಿಯುವ ಹಂಬಲ. ಶಾಲೆಯವರು ಕೊಟ್ಟ ಹಾಳೆಯನ್ನು ಅಕ್ಕ ನನ್ನ ಮುಂದಿಟ್ಟು, 'ಇದರಲ್ಲಿ ಏನು ಬರೆದಿದ್ದಾರೆ ನೋಡೋ, ಆಮೇಲೆ ಸಹಿ ಮಾಡ್ತೀನಿ' ಎಂದಳು. ಓದಿದೆ. ಹೆಚ್ಚು ಕಡಿಮೆ ಇಡೀ ಒಕ್ಕಣೆ ಅಮೆರಿಕದ ನಮೂನೆಗಳನ್ನು ಹೋಲುತ್ತಿತ್ತು. ಯಾವ ದೇಶದ, ಯಾವ ಕಾನೂನಿನ ಅಡಿಯಲ್ಲಿ ಎಂಬುದರ ಸುಳಿವೇ ಇರಲಿಲ್ಲ. ಲಾಯದ ಯಜಮಾನರನ್ನು ಕೇಳಿದರೆ ಅವರು ಮುಚ್ಚುಮರೆ ಮಾಡಲಿಲ್ಲ. 'ಎಲ್ಲ ಕಡೆಯೂ ಇದೇ ಇದೆ ಸಾರ್. ಒಂದು ಕೇಸು ಬಿದ್ದರೆ ನನ್ನ ಎಂಟು ಕುದುರೆ ಮಾರಿದರೂ ಸಾಲುವುದಿಲ್ಲ. ಅದಕ್ಕೇ ಬರೆಸಿಕೊಳ್ಳುತ್ತೇನೆ' ಎಂದರು.

ಆ ಮಾತಿನಲ್ಲಿ ಸತ್ಯವಿದೆ. ಕುದುರೆ ಯಂತ್ರವಲ್ಲ. ನಾಲ್ಕೈದು ಕ್ವಿಂಟಲ್ ತೂಗುವ ಈ ಪ್ರಾಣಿ ಸ್ವಭಾವತಃ ಬೇಟೆಗೆ ಈಡಾಗುವ ಜಾತಿಯದು. ಹೆದರಿದಾಗ ಓಡುವುದೇ ಅದರ ಮೊದಲ ರಕ್ಷಣೆ. ತಲೆಯ ಎರಡೂ ಬದಿಗೆ ಕಣ್ಣುಗಳಿರುವುದರಿಂದ ತನ್ನ ಸುತ್ತಲಿನ ಬಹುಭಾಗವನ್ನು ಕಾಣಬಲ್ಲದು, ಆದರೆ ಬಾಲದ ನೇರ ಹಿಂದೆ ಮತ್ತು ಮೂಗಿನ ಕೆಳಗೆ ಏನಿದೆ ಎಂಬುದು ಅದಕ್ಕೆ ಕಾಣದು. ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲ, ಹಿಂದಿನಿಂದ ಕೇಳಿಸಿದ ಬೈಕಿನ ಸದ್ದು ಅದನ್ನು ಬೆಚ್ಚಿಸಲು ಸಾಕು. ಎಷ್ಟೇ ಪಳಗಿದ ಕುದುರೆಯಾದರೂ, ಎಷ್ಟೇ ಎಚ್ಚರದ ತರಬೇತುದಾರನಿದ್ದರೂ ಕಲಿಯುವವರು ಒಮ್ಮೊಮ್ಮೆ ಬೀಳುತ್ತಾರೆ. ಬಿದ್ದವರೆಲ್ಲ ದಾವೆ ಹೂಡಿದರೆ ಯಾವ ಲಾಯವೂ ಉಳಿಯದು.

ಹಾಗಾಗಿ ಇಲ್ಲಿ ಎರಡು ಬಗೆಯ ಅಪಾಯಗಳನ್ನು ಬೇರ್ಪಡಿಸಬೇಕು. ಒಂದು, ಸವಾರಿಯಲ್ಲಿ ಸಹಜವಾಗಿಯೇ ಅಡಗಿರುವ ಅಪಾಯ: ಕುದುರೆ ಬೆಚ್ಚುವುದು, ಎಡವುವುದು, ಹಿಂಗಾಲು ಝಾಡಿಸುವುದು. ಇನ್ನೊಂದು, ಮನುಷ್ಯರ ಅಸಡ್ಡೆ ತಂದೊಡ್ಡುವ ಅಪಾಯ: ಜೀನಿನ ಪಟ್ಟಿ ಸವೆದಿದ್ದರೂ ಬದಲಿಸದಿರುವುದು, ಒದೆಯುವ ಚಾಳಿಯ ಕುದುರೆಯ ಮೇಲೆ ಮೊದಲ ದಿನದ ಮಗುವನ್ನು ಕೂರಿಸುವುದು, ತಲೆಗೆ ಹೊಂದದ ಹೆಲ್ಮೆಟ್ ಕೊಡುವುದು. ಮೊದಲನೆಯದನ್ನು ತಿಳಿದು ಒಪ್ಪಿ ಬಂದವರು ಅದರ ಫಲವನ್ನೂ ಒಪ್ಪಬೇಕು ಎಂಬುದು ನ್ಯಾಯಶಾಸ್ತ್ರದ ಹಳೆಯ ತತ್ವ. ಲಂಡನ್ನಿನ ಕುದುರೆ ಪ್ರದರ್ಶನವೊಂದರಲ್ಲಿ ವೇಗವಾಗಿ ತಿರುವು ತೆಗೆದುಕೊಂಡ ಕುದುರೆ ಅಂಗಳದ ಅಂಚಿನಲ್ಲಿದ್ದ ಛಾಯಾಗ್ರಾಹಕನಿಗೆ ಬಡಿದ ಪ್ರಕರಣದಲ್ಲಿ, 1962ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಸವಾರನನ್ನು ಹೊಣೆಯಾಗಿಸಲಿಲ್ಲ. ಸ್ಪರ್ಧೆಯ ಭರದಲ್ಲಿ ಆಗುವ ಅಂದಾಜಿನ ತಪ್ಪು ಬೇರೆ, ಪ್ರೇಕ್ಷಕರ ಸುರಕ್ಷತೆಯನ್ನೇ ಲೆಕ್ಕಿಸದ ನಡತೆ ಬೇರೆ ಎಂಬುದು ಅಲ್ಲಿನ ತರ್ಕ. ಅಂದರೆ ಸಹಜ ಅಪಾಯದಿಂದ ಲಾಯವನ್ನು ಕಾಪಾಡಲು ಕಾನೂನಿನ ಸಾಮಾನ್ಯ ತತ್ವವೇ ಬಹುಮಟ್ಟಿಗೆ ಸಾಕು. ಹಾಳೆಯ ನಿಜವಾದ ಉದ್ದೇಶವಿರುವುದು ಎರಡನೆಯ ಬಗೆಯ ಅಪಾಯದಲ್ಲಿ, 'ನಿರ್ಲಕ್ಷ್ಯದಿಂದ ಆಗಿದ್ದರೂ' ಎಂಬ ಆ ಎರಡು ಪದಗಳಲ್ಲಿ.

ಈ ಹಾಳೆಯ ತವರಾದ ಅಮೆರಿಕವೂ ಅದನ್ನು ಕಣ್ಣುಮುಚ್ಚಿ ಒಪ್ಪಿಲ್ಲ ಎಂಬುದು ಗಮನಾರ್ಹ. 1989ರಲ್ಲಿ ವಾಷಿಂಗ್ಟನ್ ರಾಜ್ಯ ಕುದುರೆ ಉದ್ಯಮದ ಹೊಣೆಯನ್ನು ಮಿತಿಗೊಳಿಸುವ ಕಾಯ್ದೆ ತಂದಿತು. ಕ್ಯಾಲಿಫೋರ್ನಿಯಾದಂಥ ಕೆಲವೇ ರಾಜ್ಯಗಳನ್ನು ಬಿಟ್ಟರೆ ಉಳಿದವು ಅದೇ ಹಾದಿ ಹಿಡಿದವು. ಕೊಲರಾಡೊ ರಾಜ್ಯದ ಕಾಯ್ದೆಯಂತೆ ಲಾಯದವರು ಎಚ್ಚರಿಕೆಯ ಫಲಕ ಹಾಕಬೇಕು; ಅದರ ಅಕ್ಷರಗಳು ಕಪ್ಪಾಗಿದ್ದು ಕನಿಷ್ಠ ಒಂದು ಅಂಗುಲ ಎತ್ತರ ಇರಬೇಕು. ಸಹಜ ಅಪಾಯಕ್ಕೆ ಅವರು ಹೊಣೆಯಲ್ಲ. ಆದರೆ ದೋಷವಿರುವ ಜೀನು, ಲಗಾಮು ಕೊಟ್ಟಿದ್ದರೆ, ಸವಾರನ ಸಾಮರ್ಥ್ಯವನ್ನು ವಿಚಾರಿಸದೆ ಹೊಂದದ ಕುದುರೆಯನ್ನು ಒಪ್ಪಿಸಿದ್ದರೆ, ನೆಲದಲ್ಲಿ ಅಡಗಿದ ಅಪಾಯ ಗೊತ್ತಿದ್ದೂ ಎಚ್ಚರಿಸದಿದ್ದರೆ ಆ ಕಾಯ್ದೆಯ ರಕ್ಷಣೆ ಅವರಿಗೆ ದೊರೆಯದು. ನಮ್ಮ ಹಾಳೆಗಳಲ್ಲಿ ಮೊದಲರ್ಧ ಮಾತ್ರ ಹಡಗು ಹತ್ತಿ ಬಂದಿದೆ, ಈ ಅಪವಾದಗಳು ಅಲ್ಲಿಯೇ ಉಳಿದಿವೆ.

ನ್ಯಾಯಾಲಯಗಳೂ ಸುಮ್ಮನಿಲ್ಲ. 2006ರಲ್ಲಿ ಕನೆಕ್ಟಿಕಟ್ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮುಂದೆ ಸವಾರಿ ಪಾಠದ ವೇಳೆ ಕುದುರೆಯಿಂದ ಬಿದ್ದ ಮಹಿಳೆಯ ಪ್ರಕರಣ ಬಂದಿತು. ಆಕೆ ಅನುಭವಿ ಸವಾರಳು, ಹಾಳೆಗೆ ಸಹಿಯನ್ನೂ ಹಾಕಿದ್ದಳು. ಆದರೂ ಆ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧವೆಂದು ನ್ಯಾಯಾಲಯ ಸಾರಿತು. ಯಾವ ಕುದುರೆಯ ಗುಣ ಎಂಥದು, ಯಾವ ಸಲಕರಣೆಯ ಸ್ಥಿತಿ ಹೇಗಿದೆ ಎಂಬುದು ಗೊತ್ತಿರುವುದು ಲಾಯದವರಿಗೆ, ಗಿರಾಕಿಗಲ್ಲ. ತಿದ್ದುವ ಅವಕಾಶವಿಲ್ಲದ ನಮೂನೆಗೆ ಸಹಿ ಹಾಕುವವರಿಗೆ ಚೌಕಾಸಿಯ ಶಕ್ತಿಯೂ ಇಲ್ಲ ಎಂಬುದು ಅದರ ಮುಖ್ಯ ಕಾರಣ. ಮರುವರ್ಷ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ, ಬೇಸಿಗೆ ಶಿಬಿರದಲ್ಲಿ ಈಜುಕೊಳದಲ್ಲಿ ಮುಳುಗಿ ಸತ್ತ ಅಂಗವಿಕಲ ಬಾಲಕಿಯ ಪ್ರಕರಣದಲ್ಲಿ, ತಾಯಿ ಸಹಿ ಹಾಕಿದ್ದರೂ ಘೋರ ನಿರ್ಲಕ್ಷ್ಯದ ಹೊಣೆಯಿಂದ ಶಿಬಿರದವರು ಪಾರಾಗಲಾರರು ಎಂದಿತು. ಇದಕ್ಕೆ ವಿರುದ್ಧವಾದ ಎಳೆತವೂ ಅಲ್ಲಿದೆ. ಮಕ್ಕಳ ಹಕ್ಕನ್ನು ತಂದೆತಾಯಿ ಮುಂಗಡವಾಗಿ ಬಿಟ್ಟುಕೊಡಲಾಗದು ಎಂದು ಹಿಮಜಾರಾಟದ ಪ್ರಕರಣವೊಂದರಲ್ಲಿ ಕೊಲರಾಡೊದ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ತೀರ್ಪಿತ್ತರೆ, ಮರುವರ್ಷವೇ ಅಲ್ಲಿನ ಶಾಸನಸಭೆ ಕಾನೂನು ಮಾಡಿ ಆ ತೀರ್ಪನ್ನು ಬದಿಗೆ ಸರಿಸಿತು.

ಬ್ರಿಟನ್ ಇದಕ್ಕಿಂತ ನೇರವಾದ ದಾರಿ ತುಳಿದಿದೆ. ವ್ಯಾಪಾರ ನಡೆಸುವವರು ತಮ್ಮ ನಿರ್ಲಕ್ಷ್ಯದಿಂದ ಸಂಭವಿಸುವ ಸಾವು ಅಥವಾ ಗಾಯದ ಹೊಣೆಯನ್ನು ಯಾವ ಕರಾರಿನಿಂದಲೂ, ಯಾವ ಫಲಕದಿಂದಲೂ ಕಳಚಿಕೊಳ್ಳುವಂತಿಲ್ಲ ಎಂದು ಅಲ್ಲಿನ 1977ರ ಕಾಯ್ದೆ ವಿಧಿಸಿತು. ಗ್ರಾಹಕರ ಮಟ್ಟಿಗೆ ಈ ನಿಯಮ ಈಗ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿದೆ. ಹಾಗಿದ್ದರೆ ಅಲ್ಲಿನ ಸವಾರಿ ಶಾಲೆಗಳು ಮುಚ್ಚಿಹೋದವೇ? ಇಲ್ಲ. 1964ರ ಮತ್ತು 1970ರ ಕಾಯ್ದೆಗಳು ಸವಾರಿ ಶಾಲೆಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿದವು. ಕುದುರೆಯನ್ನು ಬಾಡಿಗೆಗೆ ಪಡೆದವರಿಗೆ, ಪಾಠ ಕಲಿಯುವವರಿಗೆ ಗಾಯವಾದರೆ ಭರಿಸುವ ವಿಮೆ ಇದ್ದರೆ ಮಾತ್ರ ಪರವಾನಗಿ. ಇಂಗ್ಲೆಂಡಿನ 2018ರ ನಿಯಮಗಳೂ ವಿಮೆಯ ಷರತ್ತನ್ನು ಉಳಿಸಿಕೊಂಡಿವೆ. ಲಾಯದ ಯಜಮಾನನ ಭಯವನ್ನು ಅವರು ಕಡೆಗಣಿಸಲಿಲ್ಲ. ಆ ಭಯದ ಭಾರವನ್ನು ಬಿದ್ದವನ ಬೆನ್ನಿಗೆ ಹೊರಿಸುವ ಬದಲು ವಿಮೆಯ ಮೂಲಕ ಎಲ್ಲರಿಗೂ ಹಂಚಿದರು.

ಇನ್ನು ನಮ್ಮ ಸ್ಥಿತಿ. ಸವಾರಿ ಶಾಲೆಗಳಿಗೆಂದೇ ರೂಪಿಸಿದ ಅಂಥ ಕಾಯ್ದೆ ನಮ್ಮಲ್ಲಿಲ್ಲ. 1991ರ ಸಾರ್ವಜನಿಕ ಹೊಣೆ ವಿಮಾ ಕಾಯ್ದೆ ಅಪಾಯಕಾರಿ ರಾಸಾಯನಿಕ ಮುಂತಾದ ವಸ್ತುಗಳನ್ನು ನಿರ್ವಹಿಸುವವರಿಗೆ ಅನ್ವಯಿಸುತ್ತದೆಯೇ ಹೊರತು ಕುದುರೆ ಲಾಯಕ್ಕಲ್ಲ. ಆದರೆ ಸಹಿ ಹಾಕಿದ ಮಾತ್ರಕ್ಕೆ ಎಲ್ಲವೂ ಮುಗಿಯಿತು ಎಂಬ ನಂಬಿಕೆಗೆ ನಮ್ಮ ಕಾನೂನಿನಲ್ಲಿಯೂ ಆಧಾರ ತೀರ ದುರ್ಬಲ. 1872ರ ಭಾರತೀಯ ಕರಾರು ಕಾಯ್ದೆಯ 23ನೇ ಕಲಮು ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರನ್ನು ಅನೂರ್ಜಿತವೆನ್ನುತ್ತದೆ. ಒಗೆಯಲು ಕೊಟ್ಟ ಬಟ್ಟೆ ಕಳೆದುಹೋದರೆ ಬೆಲೆಯ ಒಂದು ಭಾಗವನ್ನಷ್ಟೇ ಕೊಡುವುದಾಗಿ ರಸೀತಿಯಲ್ಲಿ ಅಚ್ಚು ಹಾಕಿಸಿದ್ದ ಲಾಂಡ್ರಿಯ ಷರತ್ತನ್ನು ಮದ್ರಾಸ್ ಹೈಕೋರ್ಟು 1960ರ ದಶಕದಲ್ಲಿಯೇ ತಳ್ಳಿಹಾಕಿತ್ತು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯ, ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ನಿಗಮದ ಪ್ರಕರಣದಲ್ಲಿ, ಸಮಬಲರಲ್ಲದವರ ನಡುವಿನ ಅನ್ಯಾಯದ ಷರತ್ತುಗಳು ಊರ್ಜಿತವಾಗವು ಎಂದು ಸ್ಪಷ್ಟಪಡಿಸಿತು. ಅದು ನೌಕರಿಯ ಪ್ರಕರಣವಾದರೂ, ಚುಕ್ಕಿ ಗೆರೆಯ ಮೇಲೆ ಸಹಿ ಹಾಕುವುದನ್ನು ಬಿಟ್ಟು ಬೇರೆ ಆಯ್ಕೆಯೇ ಇಲ್ಲದವರೆಲ್ಲರ ಕುರಿತು ನ್ಯಾಯಾಲಯ ಯೋಚಿಸಿತ್ತು.

ಇತ್ತೀಚಿನದು ಇನ್ನೂ ಹತ್ತಿರದ ನಿದರ್ಶನ. 1998ರಲ್ಲಿ ದೆಹಲಿಯ ಪಂಚತಾರಾ ಹೋಟೆಲೊಂದರಲ್ಲಿ ಅತಿಥಿಯೊಬ್ಬರು ತಮ್ಮ ಕಾರನ್ನು ನಿಲ್ಲಿಸಲು ಸಿಬ್ಬಂದಿಯ ಕೈಗೆ ಒಪ್ಪಿಸಿದರು. ಮರಳಿ ಬರುವಷ್ಟರಲ್ಲಿ ಕಾರು ಕಳುವಾಗಿತ್ತು. ನಿಲುಗಡೆ ಮಾಲೀಕರ ಸ್ವಂತ ಹೊಣೆಯ ಮೇಲೆ ಎಂದು ಚೀಟಿಯಲ್ಲಿ ಅಚ್ಚಾಗಿದೆ ಎಂಬುದು ಹೋಟೆಲಿನ ವಾದ. 2019ರ ನವೆಂಬರಿನಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ತನ್ನದೇ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲು ಚೀಟಿಯ ಬಲದಿಂದ ಪಾರಾಗದು ಎಂದಿತು. ತೀರ್ಪು ಬರೆದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಅದು ಒಪ್ಪಿಸಿದ ವಸ್ತುವಿಗೆ ಸಂಬಂಧಿಸಿದ ತೀರ್ಪು, ದೇಹಕ್ಕಾದ ಗಾಯದ್ದಲ್ಲ ಎಂಬುದು ನಿಜ. ಆದರೆ ಕಾರಿಗೆ ಸಿಗುವ ರಕ್ಷಣೆ ಮಗುವಿಗೆ ಸಿಗದು ಎಂದು ವಾದಿಸಲು ಬಹಳ ಧೈರ್ಯ ಬೇಕು.

ಮಕ್ಕಳ ವಿಷಯದಲ್ಲಂತೂ ಹಾಳೆ ಇನ್ನೂ ಹಗುರ. ಅಪ್ರಾಪ್ತರು ಮಾಡಿದ ಕರಾರಿಗೆ ಬೆಲೆಯಿಲ್ಲವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿಯೇ ನಿರ್ಣಯಿಸಿದೆ. ತಂದೆತಾಯಿಯ ಸಹಿಯೂ ಎಲ್ಲವನ್ನೂ ಕಟ್ಟಿಹಾಕಲಾರದು. ಸಹಜ ಪೋಷಕರು ಮಗುವಿನ ಹಿತಕ್ಕಾಗಿ ಕೆಲಸ ಮಾಡಬಹುದೇ ಹೊರತು ವೈಯಕ್ತಿಕ ಕರಾರಿನಿಂದ ಮಗುವನ್ನು ಬಂಧಿಸುವಂತಿಲ್ಲ ಎಂದು 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಮು ಹೇಳುತ್ತದೆ. ಮಗು ವಯಸ್ಕನಾದ ಬಳಿಕ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಅವಕಾಶ ಕೊಡುತ್ತದೆ. 1995ರಲ್ಲಿ ಶಾಲಾ ಪ್ರವಾಸಕ್ಕೆ ಹೋಗಿದ್ದ 14 ಮಕ್ಕಳು ಬಿಯಾಸ್ ನದಿಯಲ್ಲಿ ಮುಳುಗಿ ಸತ್ತ ಪ್ರಕರಣದಲ್ಲಿ ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ಎತ್ತಿಹಿಡಿಯಿತು. ಮಕ್ಕಳನ್ನು ತಮ್ಮ ವಶಕ್ಕೆ ಪಡೆದವರ ಎಚ್ಚರಿಕೆ ಹೆತ್ತವರ ಎಚ್ಚರಿಕೆಗೆ ಸಮನಾಗಿರಬೇಕು ಎಂಬ ನಿರೀಕ್ಷೆ ಅದರ ಹಿಂದಿದೆ.

ಕ್ರಿಮಿನಲ್ ಹೊಣೆಯನ್ನಂತೂ ಯಾವ ಸಹಿಯೂ ಅಳಿಸದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳದಿರುವುದು 291ನೇ ಕಲಮಿನಡಿ ಅಪರಾಧವೇ. ಗ್ರಾಹಕರ ವೇದಿಕೆಗಳೂ ಇವೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನ್ಯಾಯದ ಕರಾರು' ಎಂಬ ಪರಿಕಲ್ಪನೆಯನ್ನು ಮೊದಲ ಬಾರಿಗೆ ಕಾನೂನಿನ ಒಳಗೆ ತಂದಿತು. ಗ್ರಾಹಕರನ್ನು ಅನನುಕೂಲಕ್ಕೆ ದೂಡುವ ಅಸಮಂಜಸ ಷರತ್ತನ್ನು ರಾಜ್ಯ ಆಯೋಗದ ಮುಂದೆಯೇ ಪ್ರಶ್ನಿಸಬಹುದು. ಭಾರತದ ಕಾನೂನು ಆಯೋಗ ಇಂಥ ಷರತ್ತುಗಳ ಬಗ್ಗೆ 1984ರ ತನ್ನ 103ನೇ ವರದಿಯಲ್ಲಿ, ಮತ್ತೆ 2006ರ 199ನೇ ವರದಿಯಲ್ಲಿ ಶಿಫಾರಸು ಮಾಡಿತ್ತೆಂಬುದನ್ನು ನೆನೆದರೆ, ಈ ಒಂದು ಹೆಜ್ಜೆಗೆ ನಾವು ತೆಗೆದುಕೊಂಡ ಕಾಲದ ಅರಿವಾಗುತ್ತದೆ.

ಹಾಗಾದರೆ ನ್ಯಾಯಾಲಯದಲ್ಲಿ ನಿಲ್ಲದ ಹಾಳೆಯಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟವಿದೆ. ಕರಾರು ಅನೂರ್ಜಿತವೆಂದು ತಿಳಿಯುವುದು ದಾವೆ ಹೂಡಿದ ಬಳಿಕ. ಆದರೆ ದಾವೆ ಹೂಡದಂತೆ ತಡೆಯುವುದೇ ಆ ಹಾಳೆ. ಮಗುವಿನ ಕೈ ಮುರಿದು ಆಸ್ಪತ್ರೆಯ ಬಿಲ್ಲು ಹಿಡಿದು ನಿಂತ ತಾಯಿಗೆ, 'ನೀವೇ ಸಹಿ ಹಾಕಿದ್ದೀರಲ್ಲ ಮೇಡಂ' ಎಂಬ ಒಂದು ಮಾತು ಸಾಕು. ತಪ್ಪು ತನ್ನದೇ ಎಂದುಕೊಂಡು ಆಕೆ ಹಿಂದಿರುಗುತ್ತಾಳೆ. ಅತ್ತ ಲಾಯದ ಯಜಮಾನನಿಗೂ ಅದು ಸುಳ್ಳು ನೆಮ್ಮದಿ. ಹಾಳೆಯಿದೆಯೆಂದು ವಿಮೆ ಮಾಡಿಸುವುದಿಲ್ಲ, ಸವೆದ ಪಟ್ಟಿಯನ್ನು ಬದಲಿಸುವುದು ಮುಂದಿನ ತಿಂಗಳಿಗೆ ಹೋಗುತ್ತದೆ. ದೊಡ್ಡ ಅವಘಡವಾದ ದಿನ ಗಿರಾಕಿಗೆ ಪರಿಹಾರವೂ ಇಲ್ಲ, ಯಜಮಾನನಿಗೆ ರಕ್ಷಣೆಯೂ ಇಲ್ಲ.

ಈ ಚರ್ಚೆಯಲ್ಲಿ ನಾವು ಮರೆಯುವ ಇನ್ನೊಬ್ಬನಿದ್ದಾನೆ. ಬೆಳಗಿನ ಜಾವ ಲಾಯ ಗುಡಿಸಿ, ಕುದುರೆಗೆ ಮಾಲೀಸು ಮಾಡಿ, ಒದೆತಕ್ಕೂ ಕಡಿತಕ್ಕೂ ಎಲ್ಲರಿಗಿಂತ ಮೊದಲು ಮೈಯೊಡ್ಡುವ ಸೈಸ್. ಪರಿಹಾರದ ಹಕ್ಕನ್ನು ಬಿಟ್ಟುಕೊಡುವುದಾಗಿ ಕಾರ್ಮಿಕನಿಂದ ಬರೆಸಿಕೊಂಡ ಯಾವ ಕರಾರಿಗೂ ಬೆಲೆಯಿಲ್ಲವೆಂದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯ 17ನೇ ಕಲಮು ಸಾರಿತ್ತು. ಹೊಟ್ಟೆಪಾಡಿಗಾಗಿ ಹಾಕಿದ ಸಹಿ ಸ್ವತಂತ್ರ ಸಹಿಯಲ್ಲ ಎಂಬುದನ್ನು ನೂರು ವರ್ಷಗಳ ಹಿಂದಿನ ವಸಾಹತು ಸರ್ಕಾರವೇ ಒಪ್ಪಿತ್ತು. ಅದೇ ಅಂಗಳದಲ್ಲಿ, ಅದೇ ಕುದುರೆಯಿಂದ ಪೆಟ್ಟು ತಿನ್ನುವ ಮಗುವಿನ ಮಟ್ಟಿಗೆ ಅಷ್ಟೇ ಸ್ಪಷ್ಟವಾದ ಒಂದು ಸಾಲನ್ನು ಬರೆಯಲು ನಮಗೆ ಅಡ್ಡಿಯೇನು?

ಆಗಬೇಕಾದುದು ಬಹಳವೇನಲ್ಲ. ಸವಾರಿ ಶಾಲೆಗಳಿಗೆ, ಪ್ರವಾಸಿ ತಾಣಗಳಲ್ಲಿ ಕುದುರೆ ಓಡಿಸುವವರಿಗೆ ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕು. ಪರವಾನಗಿಗೆ ವಿಮೆಯೂ ಪಶುವೈದ್ಯರ ತಪಾಸಣೆಯೂ ಷರತ್ತಾಗಬೇಕು. ಒಂದೆರಡು ಕುದುರೆಗಳನ್ನೇ ನಂಬಿ ಬದುಕುವವರಿಗೆ ಇದು ಹೊರೆಯಾಗದಂತೆ ಸಾಮೂಹಿಕ ವಿಮೆಯ ಏರ್ಪಾಡನ್ನು ಪ್ರವಾಸೋದ್ಯಮ ಇಲಾಖೆ ಮಾಡಬಹುದು. ಹಾಳೆಯೂ ಇರಲಿ, ಆದರೆ ಅದು ಎಚ್ಚರಿಕೆಯ ಹಾಳೆಯಾಗಿರಲಿ. ಸವಾರಿಯ ಅಪಾಯಗಳೇನು, ಸವಾರ ಪಾಲಿಸಬೇಕಾದ ನಿಯಮಗಳೇನು, ಲಾಯದವರು ವಹಿಸುವ ಎಚ್ಚರಗಳೇನು, ವಿಮೆ ಯಾವುದು ಎಂಬುದು ಕನ್ನಡದಲ್ಲಿ, ಕಾಣುವಷ್ಟು ದೊಡ್ಡ ಅಕ್ಷರಗಳಲ್ಲಿ ಇರಲಿ. ಮಗುವಿನ ವಯಸ್ಸು, ತೂಕ, ಹಿಂದಿನ ಅನುಭವ, ಕಾಯಿಲೆಗಳನ್ನು ವಿಚಾರಿಸುವ ಕಲಮುಗಳಿರಲಿ. ಸರಿಯಾದ ಕುದುರೆಯನ್ನು ಆರಿಸಲು ಅವು ನಿಜವಾಗಿಯೂ ಬೇಕು. 'ನಿರ್ಲಕ್ಷ್ಯದಿಂದ ಆಗಿದ್ದರೂ' ಎಂಬ ಪದಗಳು ಮಾತ್ರ ಅಲ್ಲಿಂದ ಹೋಗಲಿ.

ಅಲ್ಲಿಯವರೆಗೆ ಹೆತ್ತವರು ಮಾಡಬಹುದಾದದ್ದೂ ಇದೆ. ಸಹಿಗೆ ಮೊದಲು ಹಾಳೆಯ ಪ್ರತಿ ಕೇಳಿ ಪಡೆಯುವುದು, ವಿಮೆ ಇದೆಯೇ ಎಂದು ವಿಚಾರಿಸುವುದು, ಹೆಲ್ಮೆಟ್ಟನ್ನೂ ಜೀನಿನ ಪಟ್ಟಿಯನ್ನೂ ಕಣ್ಣಾರೆ ನೋಡುವುದು, ಒಪ್ಪದ ಸಾಲನ್ನು ಹೊಡೆದುಹಾಕಲು ಸಾಧ್ಯವೇ ಎಂದು ಕೇಳುವುದು. ನಮ್ಮ ಪ್ರಕರಣದಲ್ಲಿ ಲಾಯದ ಯಜಮಾನರು ಆ ಸಾಲನ್ನು ಹೊಡೆಯಲು ಒಪ್ಪಲಿಲ್ಲ, ಆದರೆ ಜೀನು, ಪಟ್ಟಿ, ರಿಕಾಪುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದರು. ವಿಮೆಯ ಬಗ್ಗೆ ವಿಚಾರಿಸುವುದಾಗಿಯೂ ಹೇಳಿದರು. ಕೇಳುವವರ ಸಂಖ್ಯೆ ಹೆಚ್ಚಿದಷ್ಟೂ ಇಂಥ ಉತ್ತರಗಳೂ ಹೆಚ್ಚುತ್ತವೆ. ಕಾನೂನು ಬರುವುದು ತಡವಾಗಬಹುದು, ಪ್ರಶ್ನೆ ಕೇಳಲು ಅದಕ್ಕಾಗಿ ಕಾಯಬೇಕಿಲ್ಲ.